ಸುರಂಗದ ಬಾಯಲ್ಲಿ ಕನ್ನಡಿ ಹಿಡಿದವಳು

ಗುಡ್ಡದ ಬುಡದಲ್ಲಿ ಒಬ್ಬ ಮನುಷ್ಯ ಬಗ್ಗಿ ನುಗ್ಗುವಷ್ಟು ದೊಡ್ಡ ಬಾಯಿ. ಅದರ ಎದುರು ಬಿಸಿಲಲ್ಲಿ ಕೂತ ಒಬ್ಬಳು ಹೆಂಗಸು. ಮಡಿಲಲ್ಲಿ ಮುಖ ನೋಡುವ ಕನ್ನಡಿ. ಸೂರ್ಯನ ಬೆಳಕನ್ನು ಅದರಲ್ಲಿ ಹಿಡಿದು ಗುಡ್ಡದ ಹೊಟ್ಟೆಯೊಳಗೆ ಕಳಿಸುವುದು ಅವಳ ಕೆಲಸ. ಸೇಸಮ್ಮನನ್ನು ಕಂಡವರೆಲ್ಲ ಕಂಡದ್ದು ಹೀಗೆಯೇ.

ಕಾಸರಗೋಡಿನ ಗುಡ್ಡಗಳಲ್ಲಿ ನೀರಿಗಾಗಿ ಬಾವಿ ತೋಡುವ ಹಾಗೆ ಸುರಂಗವನ್ನೂ ತೋಡುತ್ತಾರೆ. ಬಾವಿ ಕೆಳಕ್ಕೆ ಹೋದರೆ ಸುರಂಗ ಅಡ್ಡಕ್ಕೆ ಹೋಗುತ್ತದೆ. ಒಳಗೆಲ್ಲೋ ಸೆಲೆ ಸಿಕ್ಕಿತೆಂದರೆ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಒಳಗೆ ಕಡಿಯುವವನು ಸೇಸಮ್ಮನ ಗಂಡ ವಾಸಪ್ಪ. ಅವನು ಕಡಿದ ಮಣ್ಣನ್ನು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಎಳೆದು ಹೊರಗೆ ಹಾಕುವವಳು ಅವಳು. ಎಳೆಯುವ ಕೆಲಸ ಯಾರಿಗಾದರೂ ಬರುತ್ತದೆ. ಅವಳ ನಿಜವಾದ ಕೆಲಸ ಕೇಳುವುದು.

ಒಳಗಿರುವವನಿಗೆ ತನ್ನ ಪಿಕ್ಕಾಸಿನ ಸದ್ದು ಬಿಟ್ಟರೆ ಬೇರೆ ಕೇಳುವುದಿಲ್ಲ. ಬಾಯಲ್ಲಿ ಕೂತವರಿಗೆ ಗುಡ್ಡದ ಸದ್ದು ಕೇಳುತ್ತದೆ. ಗಟ್ಟಿ ಮುರಕಲ್ಲಾದರೆ ಠಣ್ ಠಣ್. ಜೇಡಿಮಣ್ಣು ಬಂತೆಂದರೆ ಬದ ಬದ. ಮಾಡು, ಅಂದರೆ ತಲೆಯ ಮೇಲಿನ ಮಣ್ಣು, ಸಡಿಲಾದರೆ ಇನ್ನೊಂದು ತರ. ಸೀತಾಂಗೋಳಿಯ ಹತ್ತಿರದಿಂದ ಮದುವೆಯಾಗಿ ಬಂದಾಗ ಸೇಸಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಆಗ ಮಾವ ಕಡಿಯುತ್ತಿದ್ದರು. ಹೊರಗೆ ಬಂದು ಬೆವರು ಒರೆಸುತ್ತಾ, "ಈಗ ಎಂತ ಕೇಳಿತು ಮಗಳೇ?" ಎಂದು ವಿಚಾರಿಸುವುದು ಅವರ ಕ್ರಮ. ಅವಳು ಹೇಳುವುದು, ಅವರು ತಿದ್ದುವುದು. ಹಾಗೆ ಅವಳ ಕಿವಿ ತಯಾರಾಯಿತು.

ಮಾವ ಮಾಡಿಟ್ಟ ಕಟ್ಟಳೆ ಎರಡೇ. ಒಳಗಿನ ಗಾಳಿಗೆ ಮೊಂಬತ್ತಿಯನ್ನು ನಂಬಬೇಕು, ಅದು ನೆಟ್ಟಗೆ ಉರಿದರೆ ಗಾಳಿ ಉಂಟು, ಕುಗ್ಗಿದರೆ ಹೊರಗೆ ಬರಬೇಕು. ಮಾಡಿಗೆ ಹೊರಗಿನವರ ಕಿವಿಯನ್ನು ನಂಬಬೇಕು. ಹೊರಗಿನವರು ಕನ್ನಡಿಯ ಮೇಲೆ ಕೈ ಇಟ್ಟರೆ ಒಳಗಿನ ಬಿಸಿಲು ಆರಿ ಮೊಂಬತ್ತಿಯ ಬೆಳಕೊಂದೇ ಉಳಿಯುತ್ತದೆ. ಆಗ ಪಿಕ್ಕಾಸು ಅಲ್ಲೇ ಬಿಟ್ಟು ಬರುವುದು. ಯಾಕೆ ಏನು ಎಂದು ಕೇಳುವುದೆಲ್ಲ ಹೊರಗೆ ಬಂದ ಮೇಲೆ.

ಬೋವಿಕಾನದ ಆಚೆ ಒಂದು ಗುಡ್ಡದಲ್ಲಿ ಆ ಸಂಗತಿ ನಡೆದದ್ದು. ಸೇಸಮ್ಮ ಕನ್ನಡಿಯನ್ನು ಕಲ್ಲಿಗೆ ಒರಗಿಸಿ ಬುಟ್ಟಿ ಎಳೆಯುತ್ತಿದ್ದಳು. ಯಾರೋ ಅಕ್ಕಿ ಮೂಟೆಯನ್ನು ಕೆಳಗಿಟ್ಟ ಹಾಗೆ ಒಂದು ಸದ್ದು, ಅಷ್ಟೇ. ಆಮೇಲೆ ಸುರಂಗದ ಬಾಯಿಂದ ಕೆಂಪು ದೂಳು ಹೊರಗೆ ಬಂತು. "ಓ" ಎಂದು ಕೂಗಿದಳು. ಉತ್ತರ ಇಲ್ಲ. ಒಳಗೆ ನುಗ್ಗಿ ಬರಿಗೈಯಲ್ಲಿ ಮಣ್ಣು ಗೋರಿದಳು. ಎಷ್ಟು ಹೊತ್ತು ಗೋರಿದಳೋ ಅವಳಿಗೆ ತಿಳಿಯದು. ಆಚೆಯಿಂದ ಒಂದು ಕೆಮ್ಮು ಕೇಳಿತು. ಮತ್ತೆ ಒಂದು ಕೈ ಕಂಡಿತು. ತಲೆಯಿಂದ ಕಾಲಿನವರೆಗೆ ಕೆಂಪಾಗಿ ಹೊರಗೆ ಬಂದ ವಾಸಪ್ಪ, "ಎಂತ, ಊಟಕ್ಕೆ ಹೊತ್ತಾಯ್ತಾ?" ಎಂದ.

ಆ ಮಾತು ಊರಿಡೀ ಹಬ್ಬಿತು. ಮದುವೆಯ ಚಪ್ಪರದಲ್ಲಿ, ಬಸ್ಸಿನಲ್ಲಿ, ಎಲ್ಲಿ ಸಿಕ್ಕಿದರೂ ಜನ ನಗುತ್ತಿದ್ದರು. "ಸೇಸಮ್ಮ ಹೆಗ್ಗಣದ ಹಾಗೆ ತೋಡಿದ್ದಂತೆ, ಇವನು ಊಟ ಕೇಳಿದ್ದಂತೆ!" ಸೇಸಮ್ಮನೂ ನಗುತ್ತಿದ್ದಳು. ಗಂಡ ಬದುಕಿದ್ದಾನೆ, ಇನ್ನೆಂತ ಬೇಕು?

ಕಷ್ಟ ಶುರುವಾದದ್ದು ಆ ಮೇಲೆ, ಅದೂ ತಾನು ಯಾರೆಂದು ಹೇಳದೆ ಬಂತು. ಮೊದಲು ಊಟ ರುಚಿಸದೆ ಹೋಯಿತು. ವಾಸಪ್ಪ ಹೊರಗೆ ಬರುವವರೆಗೆ ಒಂದು ತುತ್ತು ಇಳಿಯುವುದಿಲ್ಲ, ಬಂದ ಮೇಲೆ ಇಳಿದದ್ದು ನಿಲ್ಲುವುದಿಲ್ಲ. ಖಾಲಿ ಹೊಟ್ಟೆಗೆ ಚಾ ಕುಡಿದು ಕುಡಿದು ಎದೆ ಉರಿ. ಬಾಚಣಿಗೆ ತುಂಬ ಕೂದಲು. ಮಲಗಿದರೆ ಮಂಪರು ಹತ್ತುವಾಗಲೇ ಮೂಟೆ ಇಟ್ಟ ಸದ್ದು ಕೇಳಿ ಎದ್ದು ಕೂರುವುದು. ಬೆಳಗಾಗುವಾಗ ದವಡೆ ಸಿಡಿಯುವಷ್ಟು ನೋವು. ಹಲ್ಲಿನದ್ದೇ ಎಂದು ಪೇಟೆಯ ಹಲ್ಲಿನ ಡಾಕ್ಟರರಲ್ಲಿಗೆ ಹೋದಳು. "ಹಲ್ಲು ಗಟ್ಟಿ ಉಂಟಮ್ಮ, ಕೀಳುವುದು ಬೇಡ" ಎಂದರು ಅವರು. ಇವಳು ಕೇಳಬೇಕಲ್ಲ? ಹಟ ಹಿಡಿದು ಕೀಳಿಸಿಕೊಂಡು ಬಂದಳು. ವಾರ ಕಳೆಯುವಾಗ ನೋವು ಆಚೆ ಬದಿಯ ಹಲ್ಲಿಗೆ ಹೋಗಿ ಕೂತಿತು.

"ಹೀಗೆ ಒಂದೊಂದಾಗಿ ಕೀಳಿಸಿದರೆ ಮತ್ತೆ ನನಗೆ ಬಯ್ಯುವುದು ಹೇಗೆ ಮಾರಾಯ್ತಿ?" ಎಂದು ವಾಸಪ್ಪ ತಮಾಷೆ ಮಾಡಿದ.

"ಬಯ್ಯಲಿಕ್ಕೆ ಹಲ್ಲು ಬೇಡ, ನಿಮ್ಮ ಮುಖ ಕಂಡರೆ ಸಾಕು" ಎಂದಳು ಸೇಸಮ್ಮ. ನಗು ಅರ್ಧಕ್ಕೇ ನಿಂತಿತು. ದವಡೆ ತೆರೆಯಲಿಕ್ಕೆ ಆಗಲಿಲ್ಲ.

ಮರುವರ್ಷ ಮಳೆ ಕಳೆದ ಮೇಲೆ ಮುಳ್ಳೇರಿಯದ ಹತ್ತಿರ ಗೌರೀಶಂಕರ ಭಟ್ಟರ ಜಾಗದಲ್ಲಿ ಹೊಸ ಸುರಂಗದ ಕೆಲಸ ಹಿಡಿದರು. ಭಟ್ಟರ ಬೋರ್‌ವೆಲ್ ಬತ್ತಿತ್ತು. ಗುಡ್ಡ ಒಳ್ಳೆಯದೇ, ಬಾಯಿ ಪೂರ್ವಕ್ಕೆ ಇದ್ದುದರಿಂದ ಬೆಳಗಿನ ಬಿಸಿಲು ಸರಿಯಾಗಿ ಸಿಗುತ್ತಿತ್ತು. ಶುರುವಿಗೆ ಠಣ್ ಠಣ್ ಎಂದೇ ಹೋಯಿತು. ಒಂದು ದಿನ ಸೇಸಮ್ಮನಿಗೆ ಬದ ಬದ ಕೇಳಿತು. ಜೇಡಿ! ಕನ್ನಡಿಗೆ ಕೈ ಇಟ್ಟಳು. ವಾಸಪ್ಪ ಓಡಿ ಬಂದ.

"ಎಂತ?"

"ಜೇಡಿ ಬಂತಲ್ಲ? ಬದ ಬದ ಕೇಳಿತು."

ವಾಸಪ್ಪ ಒಳಗೆ ಹೋಗಿ ಮಾಡಿಗೆ, ಗೋಡೆಗೆ ತಟ್ಟಿ ನೋಡಿ ಬಂದ. "ಕಬ್ಬಿಣದ ಹಾಗೆ ಉಂಟು. ನಿನಗೆ ಎಂತ ಕೇಳಿತೋ."

ಮರುದಿನ ಮತ್ತೆ ಕೇಳಿತು. ಅದರ ಮರುದಿನವೂ. ಪ್ರತಿ ಸಲ ಅವನು ಓಡಿ ಬರುವುದು, ತಟ್ಟಿ ನೋಡುವುದು, ಕಲ್ಲು ಗಟ್ಟಿ ಇರುವುದು. "ನೀನು ಕನ್ನಡಿಗೆ ಕೈ ಇಡುವುದು ಈಗೀಗ ನೊಣ ಓಡಿಸಿದ ಹಾಗೆ ಆಗಿದೆ" ಎಂದ ಒಂದು ದಿನ, ನಗದೆ. ಅದೇ ದಿನ ಇನ್ನೊಂದು ಮಾತನ್ನೂ ಹೇಳಿದ. "ಬೆಳಕು ಯಾಕೆ ಹೀಗೆ ನಡುಗ್ತದೆ? ಒಳಗೆ ಗೋಡೆ ಮೇಲೆ ಕುಣೀತಾ ಇರ್ತದೆ. ನೋಡಿ ನೋಡಿ ನನಗೆ ತಲೆ ತಿರುಗ್ತದೆ."

ಸೇಸಮ್ಮ ತನ್ನ ಕೈ ನೋಡಿಕೊಂಡಳು. ಅದು ನಡುಗುವುದು ಅವಳಿಗೆ ಗೊತ್ತಿತ್ತು, ಅವನಿಗೆ ಕಾಣುತ್ತದೆಂದು ಗೊತ್ತಿರಲಿಲ್ಲ. ಮರುದಿನ ಕನ್ನಡಿಯನ್ನು ಒಂದು ಕವಲು ಕೋಲಿಗೆ ಕಟ್ಟಿ ನಿಲ್ಲಿಸಿದಳು. ಕೋಲು ನಡುಗಲಿಲ್ಲ, ಆದರೆ ಸೂರ್ಯ ನಿಂತಲ್ಲಿ ನಿಲ್ಲುತ್ತಾನೆಯೇ? ಸ್ವಲ್ಪ ಹೊತ್ತಿಗೆ ಬೆಳಕು ಸುರಂಗದ ಬಾಯಿಯ ಬದಿಗೆ ಸರಿದು ಹೋಯಿತು. ಕನ್ನಡಿ ಮತ್ತೆ ಮಡಿಲಿಗೆ ಬಂತು.

ಅವಳು ಜೀವಮಾನದಲ್ಲಿ ಅತಿ ಹೆಚ್ಚು ಹೆದರಿದ್ದು ಆ ವಾರದಲ್ಲಿ. ಬದ ಬದ ಕೇಳಿತು. ಕನ್ನಡಿಗೆ ಕೈ ಇಟ್ಟಳು. ಪಿಕ್ಕಾಸಿನ ಸದ್ದು ನಿಲ್ಲಲಿಲ್ಲ.

"ಓ! ಬನ್ನಿ ಹೊರಗೆ!"

"ಬರ್ತೇನೆ, ಬರ್ತೇನೆ" ಎಂದು ಒಳಗಿಂದ ಉತ್ತರ ಬಂತು. ಠಣ್ ಠಣ್. ಅವನು ಮೊಂಬತ್ತಿಯ ಬೆಳಕಿನಲ್ಲೇ ಕಡಿಯುತ್ತಿದ್ದ.

ಮಾವನ ಕಾಲದಿಂದ ಮುರಿಯದ ಕಟ್ಟಳೆ ಅಂದು ಮುರಿಯಿತು. ನಾಳೆ ನಿಜವಾಗಿಯೂ ಮಾಡು ಸಡಿಲಾದರೆ? ತಾನು ಕರೆದಾಗ ಅವನು "ಬರ್ತೇನೆ" ಎನ್ನುತ್ತಾ ಅಲ್ಲೇ ಉಳಿದರೆ?

ಹಾಗೆಂದು ಅವನ ತಪ್ಪು ಎನ್ನಲೂ ಅವಳಿಂದ ಆಗಲಿಲ್ಲ. ಸುಳ್ಳು ಕರೆ ಕರೆದವಳು ಅವಳೇ. ಬೇರೆ ಯಾರನ್ನಾದರೂ ಬಾಯಲ್ಲಿ ಕೂರಿಸುವುದೆಂದರೆ, ಆ ಕಿವಿ ಯಾರಲ್ಲಿ ಉಂಟು? ತನ್ನಲ್ಲಾದರೂ ಉಂಟೇ?

ಒಂದು ದಿನ ಹೊಸ ಮೊಂಬತ್ತಿ ಕೊಡಲು ಒಳಗೆ ಹೋದಳು. ಒಳಗೆ ತಂಪು, ಹಸಿಮಣ್ಣಿನ ವಾಸನೆ, ಎಷ್ಟು ವರ್ಷದಿಂದ ಗೊತ್ತಿದ್ದದ್ದು. ವಾಸಪ್ಪನ ಹತ್ತಿರ ಮುಟ್ಟುವಾಗ ಎದೆಯ ಮೇಲೆ ಯಾರೋ ಕೂತ ಹಾಗಾಯಿತು. ಉಸಿರು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಬೆರಳು ಜುಮುಗುಟ್ಟಿತು.

"ಗಾಳಿ ಇಲ್ಲ! ಹೊರಗೆ ಬನ್ನಿ, ಇಬ್ಬರೂ ಸಾಯ್ತೇವೆ!"

ವಾಸಪ್ಪ ಮೊಂಬತ್ತಿಯನ್ನು ನೋಡಿದ. ಜ್ವಾಲೆ ಗೆರೆ ಎಳೆದ ಹಾಗೆ ನೆಟ್ಟಗಿತ್ತು. "ಗಾಳಿ ಉಂಟಲ್ಲ ಸೇಸು. ದೀಪ ನೋಡು."

ಅವಳು ನೋಡಿದಳು. ಆ ದೀಪವನ್ನು ಅವಳು ಮಾವನ ಕಾಲದಿಂದ ನಂಬಿದವಳು. ದೀಪಕ್ಕೆ ಗಾಳಿ ಉಂಟು, ತನಗೆ ಇಲ್ಲ. ಹಾಗಾದರೆ ನಿಲ್ಲುತ್ತಿರುವುದು ತನ್ನ ಹೃದಯ. ಅವಳ ತಾಯಿಯೂ ಹಲಸಿನಹಣ್ಣು ಬಿಡಿಸುತ್ತಾ ಕೂತಲ್ಲೇ ಹೃದಯ ನಿಂತು ಹೋದದ್ದು. ಕೈಯಲ್ಲಿ ಸೊಳೆ ಹಾಗೇ ಇತ್ತು. ಗಂಡನ ತೋಳು ಹಿಡಿದು ಹೊರಗೆ ಬಂದು ಮಣ್ಣಿನ ರಾಶಿಯ ಮೇಲೆ ಕೂತಾಗ ಸೇಸಮ್ಮನಿಗೆ ತಾನು ಸಾಯುವುದಕ್ಕಿಂತ ಬೇರೆ ಹೆದರಿಕೆ. ಬಾಯಲ್ಲಿ ಕೂತಲ್ಲೇ ಸತ್ತರೆ ಒಳಗಿದ್ದವನಿಗೆ ಗೊತ್ತೇ ಆಗುವುದಿಲ್ಲ. ಕೇಳುವವರು ಯಾರೂ ಇಲ್ಲದೆ ಅವನು ಕಡಿಯುತ್ತಲೇ ಇರುತ್ತಾನೆ.

ಭಟ್ಟರ ಹೆಂಡತಿ ವಸುಮತಿಯಮ್ಮ ಮನೆಯಿಂದ ಶುಂಠಿ ಕಷಾಯ ತಂದರು. "ಗ್ಯಾಸ್ ಇರಬಹುದು" ಎಂದರು. ಕುಡಿದ ಕಷಾಯ ಹೊರಗೆ ಬಂತು. "ಇದು ಗ್ಯಾಸ್ ಅಲ್ಲ ಮಾರಾಯ್ತಿ. ನಾಳೆ ನಮ್ಮ ಸಿಸ್ಟರ್ ಬರ್ತಾಳೆ, ಅವಳಿಗೆ ತೋರಿಸುವಾ" ಎಂದರು ಆಮೇಲೆ.

ಸಿಸ್ಟರ್ ಎಂದರೆ ಆರೋಗ್ಯ ಕೇಂದ್ರದ ನರ್ಸ್ ಸ್ಯಾಂಡ್ರಾ. ಕೊಂಕಣಿ ಮನೆಯ ಹುಡುಗಿ, ಕೊಡೆ ಹಿಡಿದು ಮನೆ ಮನೆ ತಿರುಗುವವಳು, ಎಲ್ಲ ಭಾಷೆಯಲ್ಲೂ ಬಾಯಿ. ಸೇಸಮ್ಮನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ ಹುಬ್ಬು ಏರಿಸಿದಳು. "ಸೇಸಮ್ಮಕ್ಕ, ಇದು ಹೀಗೆ ಬಿಟ್ಟರೆ ಆಗ್ಲಿಕ್ಕಿಲ್ಲ. ಡಾಕ್ಟ್ರಲ್ಲಿಗೆ ಹೋಗುವಾ."

ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಕೃಷ್ಣಕುಮಾರರು ಎದೆಗೆ ವಯರು ಅಂಟಿಸಿ ಇ.ಸಿ.ಜಿ. ತೆಗೆಸಿದರು. ಆ ಕಾಗದ ಹೊರಗೆ ಬರುವಷ್ಟು ಹೊತ್ತು ಸೇಸಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಡಾಕ್ಟರರು ನೋಡಿ, ಹೃದಯಕ್ಕೆ ಏನೂ ಆಗಿಲ್ಲ ಎಂದರು. ಮತ್ತೆ ಮಲಯಾಳದಲ್ಲಿ ಒಂದು ಪ್ರಶ್ನೆ ಕೇಳಿದರು.

"ಟೆನ್ಶನ್ ಉಂಟಾ ಅಂತ ಕೇಳ್ತಾರೆ" ಎಂದಳು ಸ್ಯಾಂಡ್ರಾ.

"ನನಗೆ ಎಂತ ಟೆನ್ಶನ್ ಸಿಸ್ಟರ್? ಅದೆಲ್ಲ ಓದಿದವರಿಗೆ ಬರುವುದಲ್ವಾ? ನಾನು ಮೂರನೇ ಕ್ಲಾಸು."

ಸ್ಯಾಂಡ್ರಾ ಅದನ್ನು ಮಲಯಾಳದಲ್ಲಿ ಹೇಳಿದಾಗ ಡಾಕ್ಟರರು ಜೋರಾಗಿ ನಕ್ಕರು. ಆಮೇಲೆ ಹೊಟ್ಟೆ, ನಿದ್ದೆ, ದವಡೆ, ಕೈನಡುಕ, ಒಂದೊಂದಾಗಿ ಕೇಳಿದರು. ಯಾವಾಗಿನಿಂದ ಎಂದು ಕೇಳಿದಾಗ ಬೋವಿಕಾನದ ಗುಡ್ಡದ ಮಾತು ಬಂತು. ಸೇಸಮ್ಮ ಊರಿನವರು ಹೇಳುವ ಹಾಗೆ ನಗುತ್ತಲೇ ಹೇಳತೊಡಗಿದಳು. ಹೆಗ್ಗಣದ ಹಾಗೆ ತೋಡಿದ್ದು ಎನ್ನುವವರೆಗೆ ಬಂತು. ಊಟದ ಮಾತಿಗೆ ಮುಟ್ಟಲೇ ಇಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆ ದಿನದ ಬಗ್ಗೆ ಅವಳು ಅತ್ತದ್ದು ಅದೇ ಮೊದಲು.

ಡಾಕ್ಟರರು ಹೇಳುತ್ತಾ ಹೋದರು, ಸ್ಯಾಂಡ್ರಾ ಕನ್ನಡ ಮಾಡುತ್ತಾ ಹೋದಳು. "ಆ ದಿವಸ ನಿಮ್ಮ ಹೃದಯ ಓಡಿದ್ದು, ಉಸಿರು ಮೇಲೆ ಬಂದದ್ದು, ದವಡೆ ಕಚ್ಚಿದ್ದು ಎಲ್ಲ ಒಳ್ಳೆಯದಕ್ಕೇ. ಇಲ್ಲದಿದ್ದರೆ ಬರಿಗೈಯಲ್ಲಿ ಅಷ್ಟು ಮಣ್ಣು ಗೋರ್ಲಿಕ್ಕೆ ನಿಮ್ಮಿಂದ ಆಗ್ತಿತ್ತಾ? ಆದರೆ ಅವರು ಹೊರಗೆ ಬಂದದ್ದು ನಿಮಗೆ ಗೊತ್ತು, ನಿಮ್ಮ ಶರೀರಕ್ಕೆ ಇನ್ನೂ ಗೊತ್ತಾಗಲಿಲ್ಲ. ಅದು ಈಗಲೂ ಮಣ್ಣು ಗೋರ್ತಾ ಉಂಟು. ರಾತ್ರಿ ಹಲ್ಲು ಕಡೀತದೆ, ಅದಕ್ಕೆ ದವಡೆ ನೋವು. ಹೊಟ್ಟೆಗೆ ಕೆಲಸ ಮಾಡ್ಲಿಕ್ಕೆ ಬಿಡೂದಿಲ್ಲ. ಬಿ.ಪಿ. ಏರಿಸ್ತದೆ. ಒಂದು ಗಳಿಗೆಗೆ ಆದರೆ ತೊಂದರೆ ಇಲ್ಲ, ವರ್ಷಗಟ್ಟಲೆ ಆದರೆ ಶರೀರ ಸವೀತದೆ."

"ಹಾಗಾದ್ರೆ ನನಗೆ ಕೇಳುವ ಆ ಸದ್ದು? ಜೇಡಿಯ ಸದ್ದು?"

ಸ್ಯಾಂಡ್ರಾ ಅದನ್ನು ಮಲಯಾಳಕ್ಕೆ ತಿರುಗಿಸಿದಳು. ಡಾಕ್ಟರರು ತಮ್ಮ ಕುತ್ತಿಗೆಯ ಸ್ಟೆತೋಸ್ಕೋಪ್ ತೆಗೆದು ಅವಳ ಕಿವಿಗೆ ಸಿಕ್ಕಿಸಿದರು. ಇನ್ನೊಂದು ತುದಿಯನ್ನು ಅವಳ ಎದೆಯ ಮೇಲೆ ಇಡಲು ಸ್ಯಾಂಡ್ರಾಳಿಗೆ ಹೇಳಿದರು.

ಬದ ಬದ. ಬದ ಬದ. ಬದ ಬದ.

ಸೇಸಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. "ಅಯ್ಯೋ ದೇವರೇ, ಇದೇ! ಇದೇ ಸದ್ದು!"

ಗುಡ್ಡದ ಸದ್ದೆಂದು ಇಷ್ಟು ದಿನ ಅವಳು ಕೇಳಿದ್ದು ತನ್ನ ನೆತ್ತರಿನದು. ಹೆದರಿ ಉಸಿರು ಬಿಗಿ ಹಿಡಿದು ಕಿವಿಗೊಟ್ಟರೆ ಕಿವಿಯೊಳಗೆ ಅದೇ ಬಡಿಯುತ್ತಿತ್ತು, ಅದು ಬಡಿದಷ್ಟೂ ಅವಳು ಹೆದರುತ್ತಿದ್ದಳು. ಅದು ತಿಳಿದು ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆ ಬಡಿತದ ಅಡಿಯಲ್ಲಿ ಗುಡ್ಡದ ನಿಜವಾದ ಸದ್ದು ಎಷ್ಟು ಸಲ ಮುಚ್ಚಿಹೋಯಿತೋ ಎಂಬ ಯೋಚನೆ ಹತ್ತಿತು.

ಬಿ.ಪಿ.ಗೆ ಮಾತ್ರೆ ಕೊಟ್ಟರು. ಹೊತ್ತಿಗೆ ಸರಿಯಾಗಿ ಊಟ, ಖಾಲಿ ಹೊಟ್ಟೆಗೆ ಚಾ ಬೇಡ, ಒಬ್ಬಳೇ ಕೂರುವುದು ಬೇಡ, ಆ ದಿನದ ಮಾತನ್ನು ತಮಾಷೆ ಮಾಡದೆ ಗಂಡನ ಹತ್ತಿರ ಒಮ್ಮೆ ಆಡಿಬಿಡಿ ಎಂದೂ ಹೇಳಿದರು. ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಹೆದರಿಕೆ ಏರುವಾಗ ಹೇಗೆ ಉಸಿರು ಬಿಡುವುದು ಎಂದು ಸ್ಯಾಂಡ್ರಾ ಹೊರಗಿನ ಬೆಂಚಿನಲ್ಲಿ ಕೂತು ಕಲಿಸಿದಳು. ಎಳೆಯುವುದು ಮೆಲ್ಲ, ಬಿಡುವುದು ಇನ್ನೂ ಮೆಲ್ಲ. ಸೇಸಮ್ಮನಿಗೆ ತಲೆಗೆ ಹೋಗಲಿಲ್ಲ. "ನಿಮ್ಮ ಸುರಂಗದ ಮೊಂಬತ್ತಿ ಉಂಟಲ್ಲ ಅಕ್ಕ? ಅದು ಎದುರಿಗೆ ಉಂಟು ಅಂತ ಎಣಿಸಿ. ದೀಪ ಬಗ್ಗಬೇಕು, ಆರಬಾರದು. ಹಾಗೆ ಊದಿ" ಎಂದಳು. ಅದು ತಲೆಗೆ ಹೋಯಿತು.

ಮನೆಯಲ್ಲಿ ವಾಸಪ್ಪನಿಗೆ ಎಲ್ಲ ಹೇಳಿದಳು. ಅವನು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ. ಒಂದು ಮಾತು ತಮಾಷೆ ಮಾಡಲಿಲ್ಲ. "ಈ ಸುರಂಗ ಬಿಟ್ಟುಬಿಡುವಾ?" ಎಂದು ಮಾತ್ರ ಕೇಳಿದ.

"ಬಿಟ್ಟು? ನಿಮಗೆ ಬೇರೆ ಎಂತ ಬರ್ತದೆ? ಬೇರೆ ಗುಡ್ಡ ಹಿಡೀತೀರಿ, ನಾನು ಅಲ್ಲಿ ಹೆದರ್ತೇನೆ, ಅಷ್ಟೇ."

ಕೆಲಸ ಮುಂದುವರಿಯಿತು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಕೂತು ಗಂಜಿ ಉಣ್ಣತೊಡಗಿದರು. ವಸುಮತಿಯಮ್ಮ ತರಕಾರಿ ಹೆಚ್ಚುವ ಮಣೆ ತಂದು ಸುರಂಗದ ಬಾಯಲ್ಲೇ ಕೂರುವುದು ರೂಢಿಯಾಯಿತು. ಹೆದರಿಕೆ ಹೋಗಲಿಲ್ಲ. ದಿನಾ ಬೆಳಗ್ಗೆ ವಾಸಪ್ಪನ ಬೆನ್ನು ಕತ್ತಲಲ್ಲಿ ಕರಗುವಾಗ ಬದ ಬದ ಶುರುವಾಗುತ್ತಿತ್ತು. ಅವಳು ಇಲ್ಲದ ದೀಪವನ್ನು ಊದುತ್ತಿದ್ದಳು. ಬಡಿತ ಕೆಳಗಿಳಿಯುತ್ತಿತ್ತು, ಅದರ ಆಚೆಯಿಂದ ಠಣ್ ಠಣ್ ಕೇಳುತ್ತಿತ್ತು. ಕೆಲವು ದಿನ ಊದಿದರೂ ಇಳಿಯುತ್ತಿರಲಿಲ್ಲ. ಆ ದಿನಗಳಲ್ಲಿ "ಇವತ್ತು ನನ್ನಿಂದ ಆಗೂದಿಲ್ಲ" ಎನ್ನುತ್ತಿದ್ದಳು, ಅವನು ಪಿಕ್ಕಾಸು ಹೆಗಲಿಗೆ ಹಾಕಿ ಮನೆಗೆ ಹೊರಡುತ್ತಿದ್ದ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ. ಬಿಸಿಲು ಚೆನ್ನಾಗಿತ್ತು. ವಸುಮತಿಯಮ್ಮ ಅಲಸಂಡೆ ಮುರಿಯುತ್ತಿದ್ದರು. ಸೇಸಮ್ಮನ ಮೈ ಒಮ್ಮೆಲೇ ಬಿಗಿಯಿತು. ಎಂತದೋ ಕೇಳಿತ್ತು. ಅಥವಾ ಕೇಳಲಿಲ್ಲವೋ? ಕಿವಿ ತುಂಬ ಬದ ಬದ. ಕೈ ಕನ್ನಡಿಯ ಮೇಲೆ ಹೋಗಲು ಹೊರಟಿತು. ತಡೆದಳು. ಆ ಒಂದು ಉಸಿರಿನಷ್ಟು ಹೊತ್ತು ತಡೆಯುವುದೆಂದರೆ ಅವಳಿಗೆ ಗಂಡನನ್ನು ತಾನೇ ಹೂತ ಹಾಗೆ. ಆದರೂ ಊದಿದಳು, ಬಗ್ಗುವ ಹಾಗೆ, ಆರದ ಹಾಗೆ.

ಬಡಿತ ಇಳಿಯಿತು. ಅದರ ಕೆಳಗೆ ಇನ್ನೊಂದಿತ್ತು. ಬದ ಬದ ಅಲ್ಲ. ಠಣ್ ಠಣ್ ಕೂಡ ಅಲ್ಲ. ಮೊರದಲ್ಲಿ ಅಕ್ಕಿ ಮೆಲ್ಲಗೆ ಜಾರಿದ ಹಾಗೆ, ಪಿಕ್ಕಾಸು ಬಿದ್ದ ಪ್ರತಿ ಏಟಿನ ಹಿಂದೆ ಒಂದು ಚೂರು.

ಸೇಸಮ್ಮ ಕನ್ನಡಿಯ ಮೇಲೆ ಕೈ ಇಟ್ಟಳು.

ಪಿಕ್ಕಾಸು ನಿಂತಿತು.

ಅವನ ಹೆಜ್ಜೆ ಹತ್ತಿರ ಬರುವವರೆಗೆ, ಬಗ್ಗಿದ ತಲೆ ಬಿಸಿಲಿಗೆ ಬರುವವರೆಗೆ ಅವಳು ಕೈ ತೆಗೆಯಲಿಲ್ಲ. ವಾಸಪ್ಪ ಸೊಂಟ ನೆಟ್ಟಗೆ ಮಾಡಿ ಅವಳ ಪಕ್ಕ ಕೂತ. ತಟ್ಟಿ ನೋಡಲು ಹಿಂದಕ್ಕೆ ಹೋಗಲಿಲ್ಲ. "ಎಂತ ಕೇಳಿತು?" ಎಂದ, ಅವನ ಅಪ್ಪ ಕೇಳುತ್ತಿದ್ದ ಹಾಗೆ.

ಅವಳು ಹೇಳಿದಳು. ಮೂವರೂ ಕಾದರು. ಏನೂ ಆಗಲಿಲ್ಲ. ವಸುಮತಿಯಮ್ಮ ಅಲಸಂಡೆ ಮುಗಿಸಿ ಮನೆಗೆ ಹೋಗಿ ಮಜ್ಜಿಗೆ ತಂದರು. ಕುಡಿದಾಯಿತು. ಆಗಲೂ ಏನೂ ಇಲ್ಲ. ಸೇಸಮ್ಮನ ಕಣ್ಣಲ್ಲಿ ನೀರು ತುಂಬಿತು. ಇದೂ ಸುಳ್ಳೇ ಇರಬೇಕು. ಇನ್ನು ಅವನು ಯಾವತ್ತೂ ನಂಬುವುದಿಲ್ಲ.

"ನಾನೊಮ್ಮೆ ಹೋಗಿ ನೋಡಿ..." ಎಂದು ವಾಸಪ್ಪ ಏಳುವುದಕ್ಕೂ ಒಳಗೆ ಯಾರೋ ಮೂಟೆ ಕೆಳಗಿಟ್ಟದ್ದಕ್ಕೂ ಸರಿಹೋಯಿತು. ಒಂದಲ್ಲ, ಒಂದರ ಹಿಂದೆ ಒಂದು. ಸುರಂಗದ ಬಾಯಿಂದ ಕೆಂಪು ದೂಳು ಬಂದು ಮಜ್ಜಿಗೆ ಲೋಟಗಳ ಮೇಲೆ ಕೂತಿತು.

ವಸುಮತಿಯಮ್ಮ "ರಾಮ ರಾಮ" ಎನ್ನುತ್ತಾ ಭಟ್ಟರನ್ನು ಕರೆಯಲು ಮನೆಯತ್ತ ಓಡಿದರು.

"ಇವತ್ತು ಕರೆದ ಕೂಡಲೇ ಯಾಕೆ ಬಂದಿರಿ?" ಎಂದು ಸೇಸಮ್ಮ ಕೇಳಿದಳು.

"ಬೆಳಕು ನಡುಗಲಿಲ್ಲ" ಎಂದ ವಾಸಪ್ಪ. "ನೀನು ಕೈ ಇಡುವ ಮೊದಲು ಗೋಡೆಯಲ್ಲಿ ಬೆಳಕು ಸುಮ್ಮನೆ ನಿಂತಿತ್ತು. ಅದನ್ನು ಕಂಡೇ ನನಗೆ ಹೆದರಿಕೆ ಆದದ್ದು."

ಅವನು ಸೊಂಟದ ಚೀಲದಿಂದ ಎಲೆ ತೆಗೆದ. ಸುಣ್ಣದ ಡಬ್ಬಿಯ ಮುಚ್ಚಳ ತೆರೆಯಲು ಆಗಲಿಲ್ಲ. ಬೆರಳು ನಿಲ್ಲುತ್ತಿರಲಿಲ್ಲ. ಡಬ್ಬಿ ಕೈಯಿಂದ ಜಾರಿ ಮಣ್ಣಿಗೆ ಬಿತ್ತು. ಬೋವಿಕಾನದಲ್ಲಿ ಊಟ ಕೇಳಿದ ಮನುಷ್ಯ ಈಗ ಹಲ್ಲು ಕಟಕಟ ಬಡಿಯುತ್ತಾ ಸುರಂಗದ ಬಾಯಿಯನ್ನೇ ನೋಡುತ್ತಿದ್ದ. "ಆ ದಿವಸವೂ ಹೀಗೇ ಆಗಿತ್ತು ಸೇಸು" ಎಂದ. "ಒಳಗೆ. ನಿನ್ನ ಕೈ ಕಾಣುವವರೆಗೆ. ನಾನು ಯಾರಲ್ಲೂ ಹೇಳಲಿಲ್ಲ."

ಸೇಸಮ್ಮ ಬುಟ್ಟಿಯಿಂದ ಒಂದು ತುಂಡು ಮೊಂಬತ್ತಿ ಹುಡುಕಿದಳು. ಗಾಳಿಗೆ ಸೆರಗು ಮರೆ ಹಿಡಿದು ಹಚ್ಚಿ, ಅವನ ಎದುರು ಕಲ್ಲಿನ ಮೇಲೆ ನಿಲ್ಲಿಸಿದಳು.

"ಊದಿ. ಬಗ್ಗಬೇಕು, ಆರಬಾರದು."

ವಾಸಪ್ಪ ಊದಿದ. ದೀಪ ಆರಿಹೋಯಿತು.

ಅವಳು ಮತ್ತೆ ಕಡ್ಡಿ ಗೀರಿದಳು.